ಜಗಳೂರಿನ ಕಪ್ಪು ಪದರಗಲ್ಲು

೧೯೪೩ರ ಬೇಸಿಗೆಯಲ್ಲಿ, ಜಗಳೂರು ತಾಲ್ಲೂಕಿನ ಒಂದು ಅರ್ಧ ತೋಡಿದ ಬಾವಿಯಿಂದ ಬೆಂಗಳೂರಿನ ನಮ್ಮ ಕಚೇರಿಗೆ ಬಂದಿದ್ದ ಕಪ್ಪು ಕಲ್ಲು ಎಣ್ಣೆ ಬಿಟ್ಟಿತು. ಕಲ್ಲನ್ನು ಪುಡಿಮಾಡಿ ಗಾಜಿನ ನಳಿಗೆಗೆ ಹಾಕಿ ಸ್ಪಿರಿಟ್ ದೀಪದ ಮೇಲೆ ಹಿಡಿದಾಗ ನಳಿಗೆಯ ಮೇಲ್ಭಾಗದಲ್ಲಿ ಕಂದು ಹನಿಗಳು ಕಟ್ಟಿದವು. ಹನಿಯನ್ನು ಕಾಗದಕ್ಕೆ ಒತ್ತಿದರೆ ಜಿಡ್ಡಿನ ಕಲೆ ಉಳಿಯಿತು. ಕಡ್ಡಿ ಗೀರಿ ಹಿಡಿದರೆ ಹೊಗೆಯಾಡುತ್ತ ಉರಿಯಿತು.

ನಾನು ಆಗ ಖನಿಜ ಹುಡುಕುವ ಆ ಕಚೇರಿಯಲ್ಲಿ ಕಿರಿಯ ಭೂವಿಜ್ಞಾನಿ. ಯುದ್ಧದ ಕಾಲ. ಪೆಟ್ರೋಲಿಗೆ ಪಡಿತರ ಬಂದಿತ್ತು. ಬಸ್ಸುಗಳು ಹಿಂಬದಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು, ಅದರ ಅನಿಲದಿಂದ ಓಡುತ್ತಿದ್ದವು. ಇಂಥ ಹೊತ್ತಿನಲ್ಲಿ ಸಂಸ್ಥಾನದೊಳಗಿನ ಕಲ್ಲೊಂದು ಉರಿದರೆ ಕಚೇರಿ ಸುಮ್ಮನಿರುವುದಿಲ್ಲ. ನಮ್ಮ ಮುಖ್ಯಸ್ಥರು ಸಂಜೆಯೊಳಗೆ ನನ್ನನ್ನು ಕರೆದು ಆದೇಶ ಕೊಟ್ಟರು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಕಡೆಯ ಪದರಗಲ್ಲುಗಳನ್ನು ನೋಡಿಕೊಂಡು ಜಗಳೂರಿಗೆ ಹೋಗಬೇಕು. ಈ ಸೀಮೆಯಲ್ಲಿ ಎಣ್ಣೆಗಾಗಿ ಕೊರೆಯಲು ಯೋಗ್ಯವಾದ ಕಲ್ಲು ಇದೆಯೇ ಇಲ್ಲವೇ ಎಂದು ಹೇಳಬೇಕು.

ಅದೇ ದಿನ ಜಗಳೂರಿನ ತಾಲ್ಲೂಕು ಕಚೇರಿಗೂ ಒಂದು ಸೂಚನೆ ಹೋಯಿತು. ಪರೀಕ್ಷೆ ಮುಗಿಯುವ ತನಕ ಆ ಬಾವಿಯಲ್ಲಿ ಯಾರೂ ಇಳಿಯಬಾರದು, ತೋಡಬಾರದು, ಕಟ್ಟಬಾರದು. ಆ ಸೂಚನೆಯ ಪರಿಣಾಮ ಏನೆಂದು ಬೆಂಗಳೂರಿನಲ್ಲಿ ಕುಳಿತ ನಮಗೆ ತಿಳಿದಿರಲಿಲ್ಲ.

ನಾವು ಶೇಲ್ ಎಂದು ಕರೆಯುವ ಈ ಪದರಗಲ್ಲು ಹಳೆಯ ಕೆಸರು. ನೀರಿನ ತಳದಲ್ಲಿ ಸಣ್ಣ ಮಣ್ಣು ಪದರ ಪದರವಾಗಿ ಕೂತು, ಒತ್ತಡಕ್ಕೆ ಗಟ್ಟಿಯಾದದ್ದು. ಕೆಸರಿನಲ್ಲಿ ಸತ್ತ ಜೀವಿಗಳ ಅಂಶ ಸೇರಿ, ನೆಲದಾಳದ ಶಾಖಕ್ಕೆ ಅದು ಹದವಾಗಿ ಬೆಂದರೆ ಎಣ್ಣೆಯಾಗುತ್ತದೆ. ಕಡಿಮೆ ಬೆಂದರೆ ಎಣ್ಣೆಯಾಗುವುದಿಲ್ಲ. ಅತಿಯಾಗಿ ಬೆಂದರೆ ಇದ್ದ ಎಣ್ಣೆಯೂ ಉಳಿಯುವುದಿಲ್ಲ. ಹಂಚಿನ ಮೇಲೆ ಮರೆತ ರೊಟ್ಟಿಯನ್ನು ಹಿಂಡಿದರೆ ಹೇಗೆ ಏನೂ ಸಿಗುವುದಿಲ್ಲವೋ ಹಾಗೆ. ಆದ್ದರಿಂದ ಕಲ್ಲು ಕಪ್ಪಗಿದೆ ಎಂಬುದು, ಜೀವಾಂಶ ಸೇರಿತ್ತೇ ಎಂಬ ಮೊದಲ ಪ್ರಶ್ನೆಗೆ ಮಾತ್ರ ಉತ್ತರ. ಎಷ್ಟು ಬೆಂದಿದೆ, ಎಷ್ಟು ದಪ್ಪವಿದೆ, ಎಣ್ಣೆ ಹುಟ್ಟಿದ್ದರೂ ನಿಲ್ಲುವಂತೆ ಮೇಲೊಂದು ಒಡೆಯದ ಮುಚ್ಚಳವಿದೆಯೇ ಎಂಬುದನ್ನು ನೆಲದ ಮೇಲೆ ನಡೆದೇ ತಿಳಿಯಬೇಕು.

ನ್ಯಾಮತಿಯಿಂದ ಶುರು ಮಾಡಿದೆ. ಒಣಗಿದ ಹಳ್ಳಗಳಲ್ಲಿ ಇಳಿದರೆ ಕಲ್ಲಿನ ಪದರಗಳು ಕಾಣುತ್ತವೆ. ಅಲ್ಲಿ ಅವು ಮಲಗಿರಲಿಲ್ಲ, ಕಪಾಟಿನಲ್ಲಿ ಜೋಡಿಸಿದ ಪುಸ್ತಕಗಳಂತೆ ನೆಟ್ಟಗೆ ನಿಂತಿದ್ದವು. ಮಲಗಿದ್ದ ಕೆಸರು ಎದ್ದು ನಿಲ್ಲಬೇಕಾದರೆ ನೆಲ ಎಷ್ಟು ಹಿಂಡಿರಬೇಕು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಆ ಸೀಮೆಯಲ್ಲಿ ಹಿಂದೆ ಚಿನ್ನದ ಗಣಿಗಳಿದ್ದವು. ಹಾಗಾಗಿ ಸುತ್ತಿಗೆ ಹಿಡಿದವರೆಲ್ಲ ಚಿನ್ನಕ್ಕೇ ಬಂದವರು ಎಂದು ಜನರ ತೀರ್ಮಾನ. ಗೋವಿನಕೋವಿ ಕಡೆ ಹೊಲ ಹೂಡುತ್ತಿದ್ದ ಒಬ್ಬರು ಎತ್ತು ನಿಲ್ಲಿಸಿ ಕೇಳಿದರು.

"ಸಿಕ್ತೇನ್ರಿ?"

"ನಾನು ಹುಡುಕ್ತಿರೋದು ಎಣ್ಣೆ," ಎಂದೆ.

"ಎಣ್ಣೆಗೆ ಗಾಣ ಐತಲ್ರೀ ಊರಾಗೆ. ಕಲ್ಲು ಯಾಕೆ ಒಡೀತೀರಿ?" ಎಂದು ಎತ್ತನ್ನು ಮುಂದಕ್ಕೆ ಹೊಡೆದರು.

ಹೊನ್ನಾಳಿ ಕಡೆಯೂ ಅದೇ ಬೂದು ಕಲ್ಲು, ಅದೇ ಒತ್ತಡದ ಗುರುತು. ಚನ್ನಗಿರಿ ಕಡೆ ಕೆರೆಬಿಳಚಿಯಲ್ಲಿ ಬಿಡಾರ ಮಾಡಿ ಸುತ್ತಲಿನ ಗುಡ್ಡಗಳನ್ನು ನೋಡಿದೆ. ಅಲ್ಲಿ ಕಪ್ಪು ಪದರಗಳು ಸಿಕ್ಕವು. ತುಂಡೊಂದನ್ನು ಕಾಗದದ ಮೇಲೆ ಎಳೆದರೆ ಸೀಸದ ಕಡ್ಡಿಯಂತೆ ಗೆರೆ ಮೂಡಿತು. ಕಾಯಿಸಿದರೆ ನಳಿಗೆಯಲ್ಲಿ ನೀರಿನ ಹನಿಯಷ್ಟೇ ಬಂತು. ಜೀವಾಂಶ ಇದ್ದದ್ದು ಹೌದು, ಆದರೆ ಅದು ಎಣ್ಣೆಯ ಹದವನ್ನು ದಾಟಿ ಎಷ್ಟೋ ಕಾಲದ ಹಿಂದೆಯೇ ಸೀಸದ ಕಡ್ಡಿಯ ಮಸಿಯಾಗಿತ್ತು. ಎಲ್ಲಿಯೂ ಒಂದು ಚಿಪ್ಪಿನ ಗುರುತೂ ಸಿಗಲಿಲ್ಲ, ಎಂದರೆ ಚಿಪ್ಪಿನ ಜೀವಿಗಳು ಹುಟ್ಟುವುದಕ್ಕೂ ಹಿಂದಿನ ಕಲ್ಲು. ನೋಡಿದ ಕಲ್ಲುಗಳೆಲ್ಲ ಒಂದೇ ಹಳೆಯ ಕುಟುಂಬಕ್ಕೆ ಸೇರಿದವು. ಜಗಳೂರಿನ ಬೆಟ್ಟಸಾಲೂ ಅದೇ ಕುಟುಂಬದ್ದು.

ಚನ್ನಗಿರಿ ಬಿಡುವ ಹೊತ್ತಿಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿತ್ತು. ಈ ಸೀಮೆಯ ಕಲ್ಲಿನಲ್ಲಿ ಎಣ್ಣೆ ಇರಲು ಸಾಧ್ಯವಿಲ್ಲ. ಆದರೆ ಬೆಂಗಳೂರಿನಲ್ಲಿ ಒಂದು ಕಲ್ಲು ಎಣ್ಣೆ ಬಿಟ್ಟಿತ್ತು. ಅದಕ್ಕೆ ಕಾರಣ ಹೇಳದೆ 'ಇಲ್ಲ' ಎಂದು ಬರೆದರೆ ಆ ವರದಿ ನಿಲ್ಲುವುದಿಲ್ಲ.

ದಾವಣಗೆರೆಯಿಂದ ಜಗಳೂರಿಗೆ ಇದ್ದಿಲ ಬಸ್ಸಿನಲ್ಲಿ ಹೋದೆ. ಬಸ್ಸಿನ ಯಜಮಾನರೇ ಅದನ್ನು ಓಡಿಸುತ್ತಿದ್ದರು. ನಾನು ಯಾರೆಂದು ತಿಳಿದ ಕೂಡಲೆ ಪಕ್ಕದಲ್ಲಿದ್ದವರನ್ನು ಎಬ್ಬಿಸಿ ನನ್ನನ್ನು ಕೂರಿಸಿಕೊಂಡರು. ಬಾವಿಯಲ್ಲಿ ಎಣ್ಣೆ ಇದೆ ಎಂದು ತಾಲ್ಲೂಕು ಕಚೇರಿಗೆ ಮೊದಲು ಹೇಳಿದವರು ತಾವೇ ಎಂದು ಅವರು ಹೇಳಿದರು. ಬಸ್ಸಿಗೆ ನೀರು ತುಂಬಿಕೊಳ್ಳಲು ಆ ಬಾವಿಯ ಹತ್ತಿರ ನಿಲ್ಲಿಸಿದಾಗ, ನೀರಿನ ಮೇಲೆ ಬಣ್ಣ ಬಣ್ಣದ ಪೊರೆ ಕಂಡಿತಂತೆ. ಸೀಮೆಎಣ್ಣೆಯ ವಾಸನೆಯೂ ಬಂತಂತೆ.

"ಈ ಸಲ ಇದ್ದಿಲ ಗಾಡ್ಯಾಗೆ ಬಂದ್ರಿ ಸಾಹೇಬ್ರೆ. ಮುಂದಿನ ಸಲ ನಮ್ಮೂರ ಪೆಟ್ರೋಲ್ನಾಗೆ ಕರಕಂಡು ಬರ್ತೀನಿ."

"ನಾನಿನ್ನೂ ಬಾವಿ ನೋಡಿಲ್ಲ ಯಜಮಾನ್ರೆ."

"ನೋಡಾಕೆ ಏನೈತ್ರಿ? ಬೆಂಗ್ಳೂರಾಗೆ ಉರೀತಂತಲ್ಲ," ಎಂದರು. ಅಷ್ಟರಲ್ಲಿ ಏರು ಬಂತು. ಬಸ್ಸು ನಿಂತಿತು. ನಾವೆಲ್ಲ ಇಳಿದು ತಳ್ಳಿದೆವು.

ಮರುದಿನ ಬೆಳಿಗ್ಗೆ ಶೇಕ್ದಾರರ ಜೊತೆ ಬಾವಿಗೆ ಹೋದೆ. ಶೇಕ್ದಾರರು ಎಂದರೆ ಆ ಹೋಬಳಿಯ ಕಂದಾಯದ ಅಧಿಕಾರಿ, ತಾಲ್ಲೂಕು ಕಚೇರಿಯ ಆಜ್ಞೆಯಂತೆ ಬಾವಿಗೆ ತಡೆ ಹಾಕಿದವರು. ಸುತ್ತ ಜಾಲಿಯ ಮುಳ್ಳು ಒಟ್ಟಿ, ಕಾವಲಿಗೆ ಊರ ತಳವಾರನನ್ನು ಕೂರಿಸಿದ್ದರು. ಬಸ್ಸಿನ ಯಜಮಾನರು ಆಗಲೇ ಬಂದು ಬೇವಿನ ಮರದ ಕೆಳಗೆ ಕುಳಿತಿದ್ದರು.

ಬಾವಿಯ ಒಡತಿ ಐವತ್ತರ ಆಸುಪಾಸಿನ ಹೆಂಗಸು. ಗಂಡ ಕುರಿಮಂದೆಯ ಜೊತೆ ಮೇವು ಹುಡುಕಿಕೊಂಡು ದೂರ ಹೋಗಿದ್ದರು. ಬಾವಿಯ ಕೆಲಸ ಒಡತಿಯ ಮೇಲೆಯೇ ಇತ್ತು. ನನ್ನನ್ನು ಕಂಡು ನಮಸ್ಕಾರ ಮಾಡಲಿಲ್ಲ, ಬಾವಿಯ ಪಡುವಣ ಗೋಡೆಯನ್ನು ಕೈಯಲ್ಲಿ ತೋರಿಸಿದರು.

"ಅದನ್ನ ನೋಡ್ರಿ ಮದ್ಲು. ಕಲ್ಲು ಜಾರಾಕೆ ಹತ್ತೈತೆ. ಕಟ್ಟಡ ಕಟ್ಟೋದ್ರಾಗೆ ಬಂದು ಮುಳ್ಳು ಹಾಕಿದ್ರು. ರೋಹಿಣಿ ಮಳೆ ಬಿತ್ತು ಅಂದ್ರೆ ಬಾವಿ ಇರಂಗಿಲ್ಲ."

ಅವರು ಹೇಳಿದ್ದು ನಿಜವಾಗಿತ್ತು. ಅಲ್ಲಿನ ಪದರಗಳು ಪಡುವಣದಿಂದ ಬಾವಿಯೊಳಕ್ಕೆ ಓರೆಯಾಗಿ ಇಳಿದಿದ್ದವು. ಇಂಥ ಕಲ್ಲು ಒಣಗಿದ್ದಾಗ ನಿಲ್ಲುತ್ತದೆ. ಪದರಗಳ ನಡುವೆ ನೀರು ಹೊಕ್ಕರೆ ಮೇಲಿನದು ಕೆಳಗಿನದರ ಮೇಲೆ ಜಾರುತ್ತದೆ. ಕಲ್ಲುಕಟ್ಟಡ ಎದ್ದರೆ ಬಾವಿ ಉಳಿಯುತ್ತದೆ, ಇಲ್ಲದಿದ್ದರೆ ಒಂದು ದೊಡ್ಡ ಮಳೆಗೆ ಮುಚ್ಚಿಹೋಗುತ್ತದೆ. ಕಟ್ಟಲು ತಂದ ಚಪ್ಪಡಿಗಳು ದಂಡೆಯ ಮೇಲೆಯೇ ಬಿದ್ದಿದ್ದವು.

"ಅಲ್ಲ ಯಕ್ಕಾ," ಎಂದರು ಬಸ್ಸಿನ ಯಜಮಾನರು ನೆರಳಿನಿಂದಲೇ, "ಎಣ್ಣೆ ಬಂದ್ರೆ ನಿನ್ನ ಹೆಸರು ದಿಲ್ಲಿಗಂಟ ಹೋಗ್ತೈತೆ. ನೀನು ನೀರು ನೀರು ಅಂತೀಯ."

"ನಿನ್ನ ಗಾಡಿಗೆ ನೀರು ಕುಡಿಸಾಕೆ ಬಂದೋನು ನನ್ನ ಬಾವಿಗೆ ಮುಳ್ಳು ಹಾಕಿಸಿದೆ. ಹೆಸರು ನೀನೇ ಇಟ್ಕಾ. ಬಾಯಿ ಮುಚ್ಕಂಡು ಕೂತ್ಕಾ."

ಹಗ್ಗ ಹಿಡಿದು ಇಳಿದೆ. ತಳದಲ್ಲಿ ಮೊಣಕಾಲುದ್ದ ನೀರು, ಅದರ ಮೇಲೆ ಬಸ್ಸಿನ ಯಜಮಾನರು ಹೇಳಿದ ಬಣ್ಣದ ಪೊರೆ. ಕಡ್ಡಿಯಿಂದ ತಟ್ಟಿದೆ. ಪೊರೆ ಒಡೆದು ಚೂರು ಚೂರಾಗಿ ತೇಲಿತು, ಮತ್ತೆ ಕೂಡಲಿಲ್ಲ. ಎಣ್ಣೆಯ ಪೊರೆಯಾಗಿದ್ದರೆ ಹರಿದ ಕಡೆ ಮತ್ತೆ ಕೂಡಿಕೊಳ್ಳುತ್ತಿತ್ತು. ಇದು ಕಬ್ಬಿಣದ ಅಂಶದ ಪೊರೆ. ವಾಸನೆಗೂ ಕಾರಣ ಗೋಡೆಯಲ್ಲೇ ಇತ್ತು. ಕಪ್ಪು ಕಲ್ಲಿನಲ್ಲಿ ಹಿತ್ತಾಳೆ ಬಣ್ಣದ ಸಣ್ಣ ಹರಳುಗಳಿದ್ದವು, ಗಂಧಕ ಮತ್ತು ಕಬ್ಬಿಣ ಕೂಡಿದವು. ಗೋಡೆಯ ನಾಲ್ಕೂ ಕಡೆಯಿಂದ ಮಾದರಿ ಒಡೆದುಕೊಂಡು ಮೇಲೆ ಬಂದು, ಬೇವಿನ ನೆರಳಿನಲ್ಲಿ ದೀಪ ಹೊತ್ತಿಸಿ ಒಂದೊಂದನ್ನೇ ಕಾಯಿಸಿದೆ. ನೀರಿನ ಹನಿ ಬಂತು, ಗಂಧಕದ ಘಾಟು ಬಂತು. ಎಣ್ಣೆ ಬರಲಿಲ್ಲ.

"ನಿಮ್ಮ ದೀಪ ಸಣ್ಣದು ಸಾಹೇಬ್ರೆ," ಎಂದರು ಬಸ್ಸಿನ ಯಜಮಾನರು.

"ಬೆಂಗಳೂರಿನದ್ದೂ ಇಷ್ಟೇ ದೊಡ್ಡದು," ಎಂದೆ.

ಅದೇ ಬಾವಿ, ಅದೇ ಕಪ್ಪು ಕಲ್ಲು, ಅದೇ ಪರೀಕ್ಷೆ. ಒಂದರಲ್ಲಿ ಎಣ್ಣೆ, ಉಳಿದವುಗಳಲ್ಲಿ ಇಲ್ಲ. ಹಾಗಾದರೆ ವ್ಯತ್ಯಾಸ ನೆಲದಲ್ಲಿಲ್ಲ, ಕಲ್ಲು ಮೇಲೆ ಬಂದ ಮೇಲೆ ಏನೋ ನಡೆದಿದೆ. ಕಲ್ಲನ್ನು ಎಲ್ಲಿಂದ ತೆಗೆದಿರಿ ಎಂದು ಶೇಕ್ದಾರರನ್ನು ಕೇಳಿದೆ. ಬಾವಿಯವರು ಕೊಟ್ಟರು, ತಾನು ಚೀಲಕ್ಕೆ ಹಾಕಿ ಮೊಹರು ಮಾಡಿ ಕಳಿಸಿದೆ ಎಂದರು. ಒಡತಿಯನ್ನು ಕೇಳಲು ತಿರುಗಿದಾಗ, ಅವರ ಹಿಂದೆ ದಂಡೆಯ ಮೇಲೆ ಸಾಲಾಗಿ ನಿಲ್ಲಿಸಿದ್ದ ಐದು ಕಲ್ಲುಗಳು ಕಂಡವು. ನಾಲ್ಕು ಕಲ್ಲುಗಳು ಕಾಡಿಗೆಯಂತೆ ಮಿನುಗುತ್ತಿದ್ದವು. ಕೊನೆಯದು ಬೂದು ಹಿಡಿದು ಮಂಕಾಗಿತ್ತು. ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿತ್ತು.

"ಇವು ಯಾವ ಕಲ್ಲು, ಅಮ್ಮ?"

"ಗಂಗಮ್ಮ. ಸೆಲೆ ಬಿದ್ದ ದಿನ ಸೆಲೆ ಪಕ್ಕದಾಗಿಂದ ಐದು ಕಲ್ಲು ಎತ್ತಿ ನಿಲ್ಲಿಸ್ತೀವಿ. ಬಾವಿ ಕಟ್ಟಿ ಮುಗಿಯಗಂಟ ಪೂಜೆ ಮಾಡ್ತೀವಿ."

"ಪೂಜೆ ಅಂದರೆ?"

"ಮಂಗ್ಳಾರ, ಶುಕ್ರಾರ ನೀರು ಹಾಕಿ, ಹರಳೆಣ್ಣೆ ಹಚ್ಚಿ, ಅರಿಶಿನ ಇಡ್ತೀವಿ. ದೀಪಾವಳಿಯಿಂದ ಒಂದು ವಾರನೂ ತಪ್ಪಿಸಿಲ್ಲ."

"ಕೊನೇದು ಯಾಕೆ ಬೇರೆ ಥರ ಇದೆ?"

"ಅದು ಆಮ್ಯಾಲೆ ಇಟ್ಟಿದ್ದು. ಮದ್ಲಿಂದು ನೀವೇ ತಗಂಡು ಹೋದ್ರಲ್ಲ."

"ನಾವಾ?"

"ಸರ್ಕಾರಕ್ಕೆ ಒಂದು ಕಲ್ಲು ಬೇಕು ಅಂದ್ರು ಇವ್ರು." ಅವರು ಶೇಕ್ದಾರರ ಕಡೆ ನೋಡಿದರು. "ಸರ್ಕಾರಕ್ಕೆ ಕೊಡೋದು ಗುಡ್ಡ್ಯಾಗಿಂದ ಎಂಥದೋ ಎತ್ತಿ ಕೊಡಾಕೆ ಬರ್ತೈತಾ? ಗಂಗಮ್ಮನ ಹತ್ರ ಹೂವು ಕೇಳಿದ್ವಿ. ಬಲಕ್ಕೆ ಕೊಟ್ಲು. ಸೀಗೆಪುಡಿ ಹಾಕಿ ತಿಕ್ಕಿ, ಅರಿಶಿನ ಎಲ್ಲ ತೊಳದು, ಚೆಂದ ಮಾಡಿ ಕೊಟ್ವಿ."

ಪದರಗಲ್ಲು ಹೊರಗೆ ಗಟ್ಟಿಯಾಗಿ ಕಂಡರೂ, ಬಾವಿಯಿಂದ ತೆಗೆದು ಬಿಸಿಲಿಗೆ ಇಟ್ಟ ಮೇಲೆ ಪದರಗಳು ಬಿಡುತ್ತವೆ. ವಾರಕ್ಕೆ ಎರಡು ಸಲ ಹಚ್ಚಿದ ಎಣ್ಣೆ ಆ ಸಂದುಗಳಲ್ಲಿ ಇಳಿದು ಕೂತಿತ್ತು. ಸೀಗೆಪುಡಿ ಮೇಲಿನ ಜಿಡ್ಡನ್ನು ತೆಗೆದಿತ್ತು, ಒಳಗಿನದನ್ನಲ್ಲ. ಹಾಗೆಂದು ನನಗೆ ಖಚಿತವಾಗಿತ್ತು. ಆದರೆ ಶೇಕ್ದಾರರು ನನ್ನ ಬರೀ ಮಾತಿನ ಮೇಲೆ ಮುಳ್ಳು ತೆಗೆಸುವವರಲ್ಲ. ಬಸ್ಸಿನ ಯಜಮಾನರು ಒಪ್ಪುವವರಲ್ಲ. ತೋರಿಸಬೇಕಾಗಿತ್ತು. ಅದಕ್ಕೆ ಉಳಿದ ನಾಲ್ಕು ಕಲ್ಲುಗಳಲ್ಲಿ ಒಂದನ್ನು ಪುಡಿಮಾಡಬೇಕಾಗಿತ್ತು.

ಕೇಳಿದೆ. ಒಡತಿ ಕಲ್ಲುಗಳ ಕಡೆ ತಿರುಗಿದರು.

"ಒಡೆದ್ರೆ ಬಾವಿ ಬಿಡ್ತಾರಾ?"

"ನಾನು ಹೇಳಿದಂತೆ ಆದರೆ ಬಿಡಲೇಬೇಕು."

"ನಾನು ಹೂಂ ಅನ್ನಾಕಾಗಲ್ಲ. ಅವಳನ್ನ ಕೇಳ್ಬೇಕು."

ಕಣಗಿಲೆ ಹೂವು ತಂದು, ನಾಲ್ಕನೆಯ ಕಲ್ಲನ್ನು ಒದ್ದೆ ಮಾಡಿ, ಅದರ ಎರಡೂ ಭುಜಕ್ಕೆ ಒಂದೊಂದು ಹೂವು ಅಂಟಿಸಿದರು. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಇಲ್ಲ. ಸೂರ್ಯ ನೆತ್ತಿಯ ಮೇಲಿದ್ದ. ಸರ್ಕಾರದ ಇಬ್ಬರು ನೌಕರರು, ತಳವಾರ, ಬಸ್ಸಿನ ಯಜಮಾನರು ಎಲ್ಲರೂ ನಿಂತು ಹೂವನ್ನು ನೋಡಿದೆವು. ಬಸ್ಸಿನ ಯಜಮಾನರು ಹೂವಿನ ಕಡೆಗೆ ಮೆಲ್ಲಗೆ ಉಸಿರು ಬಿಟ್ಟದ್ದನ್ನು ಒಡತಿ ಕಂಡರು.

"ಊದಬ್ಯಾಡ. ದೂರ ಸರಿ."

"ಸೆಕೆ ಯಕ್ಕಾ."

ನೀರು ಆರಿದ ಹಾಗೆ ಬಲಗಡೆಯ ಹೂವು ಜಾರಿ ಬಿತ್ತು. ಒಡತಿ ಕೈಮುಗಿದು, ಕಲ್ಲನ್ನು ತಾವೇ ಎತ್ತಿ ನನ್ನ ಕೈಗೆ ಕೊಟ್ಟರು. "ಅವಳ ಬಾವಿ ಬಿಡಿಸಾಕೆ ಅವಳ ಕಲ್ಲೇ ಬೇಕಾತು. ತಗಳ್ರಿ."

ಕಲ್ಲನ್ನು ಪುಡಿಮಾಡಿ, ಸ್ವಲ್ಪವನ್ನು ಮೊದಲು ನಳಿಗೆಯಲ್ಲಿ ಕಾಯಿಸಿದೆ. ಬೆಂಗಳೂರಿನಲ್ಲಿ ಬಂದ ಕಂದು ಹನಿಗಳೇ ಬಂದವು. ಬಸ್ಸಿನ ಯಜಮಾನರು ಎದ್ದು ನಿಂತರು. ಹೊಗೆಗೆ ನಮ್ಮೆಲ್ಲರ ಕಣ್ಣಲ್ಲೂ ನೀರು ಬಂತು. ಬಾಣಲೆಯಲ್ಲಿ ಎಣ್ಣೆ ಹೊತ್ತಿದಾಗ ಬರುವ ಘಾಟು ಅದು. ಉಳಿದ ಪುಡಿಯನ್ನು ಪಾತ್ರೆಯಲ್ಲಿ ನೀರಿಗೆ ಹಾಕಿ ಕುದಿಸಿದೆ. ಮೇಲೆ ತೇಲಿದ ಎಣ್ಣೆಯನ್ನು ಒಂದು ಬಟ್ಟಲಿಗೆ ತೆಗೆದೆ. ಇನ್ನೊಂದು ಬಟ್ಟಲಿಗೆ ತಳವಾರನ ಲಾಟೀನಿನ ಸೀಮೆಎಣ್ಣೆ ಹಾಕಿದೆ. ನೆಲದೊಳಗಿಂದ ಬಂದ ಎಣ್ಣೆ ಹೇಗೆ ನಡೆದುಕೊಳ್ಳುತ್ತದೆ ಎಂಬುದಕ್ಕೆ ಅದು ಮಾದರಿ. ನನ್ನ ಪೆಟ್ಟಿಗೆಯಲ್ಲಿದ್ದ ಕಾಸ್ಟಿಕ್ ಸೋಡಾವನ್ನು ನೀರಿನಲ್ಲಿ ಕರಗಿಸಿ ಎರಡಕ್ಕೂ ಹಾಕಿದೆ. ಬಟ್ಟಲುಗಳನ್ನು ಬೆಂಕಿಗೆ ತಾಗಿಸದೆ ಬಿಸಿನೀರಿನಲ್ಲಿ ಇಟ್ಟು ಕಲಕುತ್ತಾ ಕೂತೆ. ಗಿಡದ, ಬೀಜದ ಎಣ್ಣೆಯಾದರೆ ಸೋಡಾ ಸೇರಿ ಸಾಬೂನು ಆಗುತ್ತದೆ. ನೆಲದ ಎಣ್ಣೆ ಎಷ್ಟು ಕಾಯಿಸಿದರೂ ಸಾಬೂನು ಆಗುವುದಿಲ್ಲ. ಇದನ್ನು ಮೊದಲೇ ಎಲ್ಲರಿಗೂ ಹೇಳಿದ್ದೆ, ಆಮೇಲೆ ಯಾರೂ ಬೇರೆ ಅರ್ಥ ಮಾಡಬಾರದೆಂದು.

ಸೀಮೆಎಣ್ಣೆ ಹಾಗೆಯೇ ಮೇಲೆ ತೇಲುತ್ತಾ ಉಳಿಯಿತು. ಕಲ್ಲಿನ ಎಣ್ಣೆ ಕ್ರಮೇಣ ಹಾಲಿನಂತೆ ಬೆಳ್ಳಗಾಗಿ ಮಂದವಾಯಿತು. ಅದಕ್ಕೆ ನೀರು ಬೆರೆಸಿ ಸೀಸೆಯಲ್ಲಿ ಕುಲುಕಿದೆ. ನೊರೆ ಕತ್ತಿನವರೆಗೆ ಏರಿತು. ಸೀಸೆಯನ್ನು ಶೇಕ್ದಾರರ ಕೈಗೆ ಕೊಟ್ಟೆ. ಅವರೂ ಒಮ್ಮೆ ಕುಲುಕಿ ನೋಡಿದರು.

ಬಸ್ಸಿನ ಯಜಮಾನರು ನೊರೆಯನ್ನು ನೋಡುತ್ತಾ ನಿಂತರು. "ಪೆಟ್ರೋಲ್ ಕೇಳಿದ್ರೆ ಸಬಕಾರ ಕೊಟ್ರಲ್ರೀ."

"ಒಳ್ಳೇದಾತು," ಎಂದರು ಒಡತಿ. "ನಿನ್ನ ಅಂಗಿ ಬಿಚ್ಚಿಕೊಡು, ಮದ್ಲು ಅದನ್ನ ಒಗೀತೀನಿ. ಇದ್ದಿಲ ಮೂಟೆ ಆಗೈತೆ." ತಳವಾರ ನಕ್ಕ. ಯಜಮಾನರೂ ನಕ್ಕರು, ಸ್ವಲ್ಪ ತಡವಾಗಿ.

ತಡೆ ತೆಗೆಯುವ ಅಧಿಕಾರ ಶೇಕ್ದಾರರಿಗಿರಲಿಲ್ಲ, ತಾಲ್ಲೂಕಿನ ಅಮಲ್ದಾರರಿಗಿತ್ತು. ಸಂಜೆಯೇ ಅವರ ಮನೆಗೆ ಹೋದೆವು. ಶೇಕ್ದಾರರು ಕಂಡದ್ದನ್ನು ಕಂಡ ಹಾಗೆ ಹೇಳಿದರು, ಸೇರಿಸಲಿಲ್ಲ, ಬಿಡಲಿಲ್ಲ. ಅಮಲ್ದಾರರು ಯೋಚಿಸಿದರು. ಬೆಂಗಳೂರಿನಿಂದ ಬಂದ ಸೂಚನೆಯನ್ನು ಬೆಂಗಳೂರೇ ಹಿಂತೆಗೆಯಬೇಕಲ್ಲವೇ ಎಂಬುದು ಅವರ ಪ್ರಶ್ನೆ. ಆ ಉತ್ತರ ಬರುವ ಹೊತ್ತಿಗೆ ಪಡುವಣ ಗೋಡೆ ಇರುವುದಿಲ್ಲ ಎಂದೆ.

"ನಾಳೆ ನಿಮ್ಮ ಕಚೇರಿ ಎಣ್ಣೆ ಐತೆ ಅಂದ್ರೆ?"

"ಅನ್ನೋದಿಲ್ಲ. ಆ ಕಲ್ಲಿನ ಉಳಿದ ತುಂಡು ಅಲ್ಲೇ ಇದೆ. ಇದೇ ಪರೀಕ್ಷೆ ಮಾಡಲು ತಂತಿ ಕೊಡ್ತೀನಿ. ಆ ಬಾವಿಯಲ್ಲಿ ಎಣ್ಣೆ ಇಲ್ಲ, ತೋಡಬಹುದು, ಕಟ್ಟಬಹುದು ಅಂತ ಈಗಲೇ ಸಹಿ ಮಾಡಿ ಕೊಡ್ತೀನಿ. ತಪ್ಪಾದರೆ ಉತ್ತರ ನನ್ನದು."

ಬರೆದು ಸಹಿ ಮಾಡಿಕೊಟ್ಟೆ. ಅಮಲ್ದಾರರು ಅದರ ಕೆಳಗೆ ತಡೆ ತೆಗೆಯುವ ಆಜ್ಞೆ ಬರೆದರು. ಮರುದಿನ ಬೆಳಿಗ್ಗೆ ತಳವಾರನೇ ಮುಳ್ಳನ್ನು ಎಳೆದುಹಾಕಿದ. ಕಲ್ಲುಕೆಲಸದವರು ಮಧ್ಯಾಹ್ನದ ಹೊತ್ತಿಗೆ ಇಳಿದರು. ಪಡುವಣ ಗೋಡೆಯನ್ನು ಮೊದಲು ಕಟ್ಟಲು ಹೇಳಿದೆ. ಓರೆ ಪದರಗಳ ಬುಡಕ್ಕೆ ಉದ್ದನೆಯ ಚಪ್ಪಡಿಗಳನ್ನು ಅಡ್ಡ ಕೊಟ್ಟು, ನೀರು ಹೊರಬರಲು ಸಂದು ಬಿಟ್ಟು ಕಟ್ಟಿದರು. ಒಡತಿ ದಂಡೆಯ ಮೇಲೆ ನಿಂತು ಒಂದೊಂದು ಕಲ್ಲಿಗೂ ಒಂದೊಂದು ಮಾತು ಹೇಳುತ್ತಿದ್ದರು. ಕೆಲಸದವರು ಒಬ್ಬರಿಗೊಬ್ಬರು ಕಣ್ಣು ಹೊಡೆದು ಕೆಲಸ ಮುಂದುವರಿಸಿದರು.

ನಾನು ಅಲ್ಲಿದ್ದ ದಿನಗಳಲ್ಲಿ ಜಗಳೂರಿನ ಸುತ್ತಲಿನ ಬೆಟ್ಟಸಾಲನ್ನು ನಡೆದು ಮುಗಿಸಿದೆ. ಕಪ್ಪು ಪದರ ಎಲ್ಲೂ ದಪ್ಪವಾಗಿರಲಿಲ್ಲ. ಬೆಣಚುಕಲ್ಲಿನ ಎಳೆಗಳು ಅದನ್ನು ಅಲ್ಲಲ್ಲಿ ಸೀಳಿದ್ದವು. ಮುಚ್ಚಳ ಎನ್ನಬಹುದಾದ ಒಡೆಯದ ಪದರ ಒಂದೂ ಇರಲಿಲ್ಲ. ಗೋಡೆ ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಗಾಳಿ ಎದ್ದು ದಪ್ಪ ಹನಿಯ ಮಳೆ ಬಂತು. ನಿಂತ ಮೇಲೆ ಹೋಗಿ ನೋಡಿದೆ. ಪಡುವಣ ಮಗ್ಗುಲಲ್ಲಿ ಇನ್ನೂ ಕಟ್ಟದೆ ಬಿಟ್ಟಿದ್ದ ಮೇಲಿನ ಭಾಗದಿಂದ ಒಂದು ಬಂಡಿಯಷ್ಟು ಕಲ್ಲು ಜಾರಿ ಬಿದ್ದಿತ್ತು. ಕಟ್ಟಿದ ಭಾಗ ಅಲುಗಿರಲಿಲ್ಲ. ಒಡತಿ ಬಿದ್ದದ್ದನ್ನು ನೋಡಿ, "ಇಷ್ಟಕ್ಕೇ ಬಿಟ್ಲು," ಎಂದು ಹೇಳಿ ಬುಟ್ಟಿ ತರಲು ಹೋದರು.

ಬೆಂಗಳೂರಿನ ಉತ್ತರ ಆಮೇಲೆ ಬಂತು. ಉಳಿದ ತುಂಡಿನ ಎಣ್ಣೆಯೂ ಸೋಡಾಕ್ಕೆ ನೊರೆ ಕೊಟ್ಟಿತ್ತು. ಅಮಲ್ದಾರರ ಆಜ್ಞೆಗೆ ಕಚೇರಿಯ ಒಪ್ಪಿಗೆ ಇದೆ ಎಂದು ಒಂದು ಸಾಲಿತ್ತು. ನಾನು ಹಿಂದಿರುಗಿ ವರದಿ ಕೊಟ್ಟೆ. ನೋಡಿದ ನಾಲ್ಕೂ ಕಡೆಯ ಪದರಗಲ್ಲು ಅತಿಯಾಗಿ ಬೆಂದದ್ದು, ಮಡಚಿದ್ದು, ಒಡೆದದ್ದು. ಎಣ್ಣೆಗಾಗಲಿ ಅನಿಲಕ್ಕಾಗಲಿ ಕೊರೆಯಲು ಶಿಫಾರಸು ಇಲ್ಲ. ಮುಖ್ಯಸ್ಥರು ಅದನ್ನು ಪೂರ್ತಿ ಓದಿ, ಒಂದೇ ಒಂದು ತಿದ್ದುಪಡಿ ಮಾಡಿದರು. 'ಸಾಧ್ಯತೆ ಕಡಿಮೆ' ಎಂದು ನಾನು ವರದಿಯ ವಾಡಿಕೆಯಂತೆ ಬರೆದಿದ್ದ ಕಡೆ 'ಇಲ್ಲ' ಎಂದು ಹಾಕಿದರು. ಇನ್ನು ಮುಂದೆ ಮಾದರಿಯನ್ನು ನಮ್ಮವರೇ ಸ್ಥಳದಲ್ಲಿ ನಿಂತು ಒಡೆದು ತರಬೇಕೆಂದು ಕಚೇರಿಯಲ್ಲಿ ಆಜ್ಞೆಯಾಯಿತು.

೧೯೪೬ರಲ್ಲಿ ಕಬ್ಬಿಣದ ಅದಿರಿನ ಕೆಲಸಕ್ಕೆ ಆ ಕಡೆ ಹೋದಾಗ ಬಾವಿಯ ಹತ್ತಿರ ಇಳಿದೆ. ಕಟ್ಟಡ ನೆಲಮಟ್ಟದವರೆಗೆ ಎದ್ದಿತ್ತು, ಎರಡು ಜೊತೆ ಎತ್ತು ಎಳೆದು ನೀರೆತ್ತುವ ಕಪಿಲೆ ನಡೆಯುತ್ತಿತ್ತು. ಒಡತಿ ಮನೆಯಲ್ಲಿರಲಿಲ್ಲ. ಅವರ ಗಂಡ ನೀರು ಕಟ್ಟುತ್ತಿದ್ದರು. ಮೆಣಸಿನ ಗಿಡ ಹೂವು ಬಿಟ್ಟಿತ್ತು. ನೀರು ಕುಡಿಯಲು ಚೆನ್ನಾಗಿದೆಯೇ ಎಂದು ಕೇಳಿದ್ದಕ್ಕೆ, ಮೊದಲ ವರ್ಷ ತುಸು ಘಾಟು ಇತ್ತು, ಈಗ ಅರ್ಧ ಊರು ಇಲ್ಲಿಂದಲೇ ಹೊರುತ್ತದೆ ಎಂದರು.

೧೯೪೮ರ ಬೇಸಿಗೆಯಲ್ಲಿ ಜಗಳೂರಿನಿಂದ ವರ್ಗವಾಗಿ ಬಂದ ಶೇಕ್ದಾರರು ಬೆಂಗಳೂರಿನಲ್ಲಿ ಸಿಕ್ಕಿದ್ದರು. ಆ ಬೇಸಿಗೆಯಲ್ಲೂ ಬಾವಿಯಲ್ಲಿ ಎರಡಾಳುದ್ದ ನೀರಿತ್ತು ಎಂದು ಅವರು ಹೇಳಿದರು.